ನಡುನೋವಿನ ಲೆಕ್ಕ

ಮನುಷ್ಯನನ್ನು ದುಡಿಮೆಗೆ ಅಸಮರ್ಥನನ್ನಾಗಿ ಮಾಡುವ ವ್ಯಾಧಿಗಳಲ್ಲಿ ಮೊದಲನೆಯದು ಯಾವುದೆಂದು ಕೇಳಿದರೆ ನಾವು ಕ್ಷಯವನ್ನೋ ಕುರುಡುತನವನ್ನೋ ಹೆಸರಿಸಿಯೇವು. ಅದು ನಡುನೋವು. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನ, ಎಂದರೆ ಹದಿಮೂರು ಮಂದಿಗೆ ಒಬ್ಬರಂತೆ, ಇದರಿಂದ ಬಳಲುತ್ತಿದ್ದರು; 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರೀತೆಂದು ಅಂದಾಜು. ಪುರುಷರಿಗಿಂತ ಸ್ತ್ರೀಯರಲ್ಲಿಯೇ ಇದು ಹೆಚ್ಚು.

ಬೆನ್ನಿನ ಕಷ್ಟವನ್ನು ಸನ್ನೆಗೋಲಿನ ನಿಯಮದಿಂದ ಕೊಂಚ ಅರಿಯಬಹುದು. 20 ಕಿಲೋಗ್ರಾಂ ತೂಕದ ನೀರಿನ ಕೊಡವನ್ನು ಬೆನ್ನೆಲುಬಿನಿಂದ 40 ಸೆಂಟಿಮೀಟರ್ ಮುಂದಕ್ಕೆ ಹಿಡಿದಿದ್ದೇವೆನ್ನೋಣ. ಬೆನ್ನಿನ ಸ್ನಾಯುಗಳಾದರೋ ಬೆನ್ನೆಲುಬಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮಾತ್ರ ಎಳೆಯಬಲ್ಲವು. ಆದ್ದರಿಂದ ಅವು ಕೊಡದ ಎಂಟರಷ್ಟು, ಎಂದರೆ 160 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವನ್ನು ಹಾಕಬೇಕು! ಮುಂಡದ ಸ್ವಂತ ಭಾರ ಈ ಲೆಕ್ಕದಲ್ಲಿ ಸೇರಿಲ್ಲ. ಗದ್ದೆಯಲ್ಲಿ ದಿನವಿಡೀ ಬಾಗಿ ನಾಟಿಮಾಡುವ ಹೆಂಗಸಿನ ಕೈಯಲ್ಲಿರುವುದು ಹಗುರವಾದ ಸಸಿ. ಆದರೂ ಅವಳ ಬೆನ್ನು ಆ ಮುಂಡದ ಭಾರವನ್ನು ಬಿಡುವಿಲ್ಲದೆ ಹೊರುತ್ತಿರುತ್ತದೆ. ನೋವೆಂದು ಅವಳು ಒಂದು ದಿನ ಮಲಗಿದರೆ ಆ ದಿನದ ಕೂಲಿ ಇಲ್ಲ.

ಯಂತ್ರಶಾಸ್ತ್ರದಿಂದಲೇ ಎಲ್ಲವೂ ಬಗೆಹರಿಯುವುದಿಲ್ಲವೆನ್ನಿ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿಯ ನೋವಿಗೆ ಖಚಿತವಾದ ಕಾರಣವೇ ಸಿಕ್ಕುವುದಿಲ್ಲ. ನೋವಿನ ಬಗ್ಗೆ ಜನರಿಗಿರುವ ಅಂಜಿಕೆಯೂ ಅವರನ್ನು ಹಾಸಿಗೆಗೆ ಕಟ್ಟಿಹಾಕುತ್ತದೆ. ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದಲ್ಲಿ 1997ರಲ್ಲಿ, ನಡುನೋವು ಬಂದರೆ ಮಲಗದೆ ಓಡಾಡುತ್ತಿರಬೇಕೆಂದು ದೂರದರ್ಶನದ ಮೂಲಕ ಪ್ರಚಾರಮಾಡಿದರು. ಜನರ ನಂಬಿಕೆ ಬದಲಾಯಿತು. ಬೆನ್ನುನೋವಿಗಾಗಿ ಪರಿಹಾರ ಕೋರುವ ಕಾರ್ಮಿಕರ ಅರ್ಜಿಗಳೂ ಇಳಿದುವು. ಅಂಥ ಪ್ರಚಾರವಿಲ್ಲದ ನೆರೆಯ ನ್ಯೂ ಸೌತ್ ವೇಲ್ಸಿನಲ್ಲಿ ಜನರ ನಂಬಿಕೆ ಮೊದಲಿದ್ದಂತೆಯೇ ಉಳಿಯಿತು.