ನಿಮಗಿದು ಗೊತ್ತೆ? ಮೀನಿಗಿಂತ ಮೊದಲು ಸಾಕಬೇಕಾದ ಜೀವಿ

ಕಡಲತೀರದಿಂದ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ, ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಹೈದರಾಬಾದಿನ ನಾರಾಯಣಗೂಡದಲ್ಲಿ, ಗೃಹಸ್ಥನೊಬ್ಬನು ಸಮುದ್ರಮತ್ಸ್ಯಗಳನ್ನು ಸಾಕಬಯಸಿದನಾದರೆ, ಅವನು ಮೊದಲು ಪೋಷಿಸಬೇಕಾದುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನು.

ಅದಕ್ಕೂ ಮುನ್ನ ತೊಟ್ಟಿಗೆ ಕಡಲನೀರನ್ನು ಹೋಲುವ ಉಪ್ಪುನೀರು ಸಿದ್ಧವಾಗಬೇಕು; ಅದಕ್ಕೆ ಅಡುಗೆಯ ಉಪ್ಪು ನಿರುಪಯುಕ್ತ. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದ ಲವಣಗಳಿಂದ ಕೂಡಿದ, ಸಮುದ್ರಮತ್ಸ್ಯಗಳಿಗೆಂದೇ ಇರುವ ಅಕ್ವೇರಿಯಂ ಉಪ್ಪನ್ನು, ಕ್ಲೋರಿನ್ ಇಲ್ಲದ ಶುದ್ಧ ನೀರಿನಲ್ಲಿ, ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಬೇಕು.

ಬಳಿಕ, ಮೀನಿಲ್ಲದ ತೊಟ್ಟಿಗೆ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿದರೆ, ಅದು ಕೊಳೆತು ವಿಷಕಾರಿಯಾದ ಅಮೋನಿಯಾ ಉತ್ಪನ್ನವಾಗುತ್ತದೆ. ಅದನ್ನು ಒಂದು ವರ್ಗದ ಬ್ಯಾಕ್ಟೀರಿಯಾ ನೈಟ್ರೈಟನ್ನಾಗಿಯೂ, ವಿಷವೇ ಆದ ಆ ನೈಟ್ರೈಟನ್ನು ಮತ್ತೊಂದು ವರ್ಗವು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟನ್ನಾಗಿಯೂ ಪರಿವರ್ತಿಸುತ್ತವೆ. ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾದ್‌ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ಕಂಡುಕೊಂಡ ಈ ಕ್ರಿಯೆಯು ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಧಾರಣವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡ ಮೇಲೆಯೇ, ಒಂದೆರಡು ಮೀನುಗಳನ್ನು ಮಾತ್ರ ಬಿಡುವುದು ಕ್ರಮ.

ಬೇಸಗೆಯಲ್ಲಿ ಆವಿಯಾಗುವುದು ನೀರೇ ಹೊರತು ಉಪ್ಪಲ್ಲವಾದುದರಿಂದ, ತಗ್ಗಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬತಕ್ಕದ್ದು. ಉಪ್ಪುನೀರನ್ನೇ ಸುರಿದಲ್ಲಿ ಲವಣಾಂಶವು ದಿನೇದಿನೇ ಏರಿ ಮೀನುಗಳಿಗೆ ಮಾರಕವಾದೀತು.

ಕಡಲಿನಿಂದ ಕಿತ್ತು ತಂದ ಗಟ್ಟಿ ಹವಳಗಳೂ ಕಡಲ್ಗುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವುದರಿಂದ, ಅಂಗಡಿಯವರು ಎಷ್ಟೇ ಒತ್ತಾಯಪಡಿಸಿದರೂ ಅವನ್ನು ಕೊಳ್ಳದಿರಿ.