ತಿಳಿನೀರೆಲ್ಲ ಒಳ್ಳೆಯ ನೀರಲ್ಲ

ಹಜಾರದಲ್ಲಿ ದೊಡ್ಡ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: “ನಿನ್ನೆ ತಾನೆ ತೊಟ್ಟಿಯನ್ನೆಲ್ಲ ತೊಳೆದು ಹೊಸ ನೀರು ತುಂಬಿದೆವು, ಇಂದು ನೋಡಿದರೆ ಮೀನು ಸತ್ತಿದೆ.” ಹಳೆಯ ನೀರಿನಲ್ಲಿ ವರ್ಷಗಟ್ಟಲೆ ಬದುಕಿದ್ದ ಮೀನು ಹೊಸ ನೀರಿನಲ್ಲಿ ಏಕೆ ಸಾಯಬೇಕು? ಇದನ್ನು ತಿಳಿಯಬೇಕಾದರೆ ತೊಟ್ಟಿಯ ನೀರಿನಲ್ಲಿ ನಡೆಯುವ ವ್ಯಾಪಾರವನ್ನು ಸ್ವಲ್ಪ ನೋಡಬೇಕು.

ಮೀನು ತನ್ನ ಮೈಯ ಕಲ್ಮಷವನ್ನು ಬಹುಮಟ್ಟಿಗೆ ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ನೀರಿಗೆ ಬಿಡುತ್ತದೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಫಿಲ್ಟರಿನಲ್ಲಿಯೂ ಮರಳಿನಲ್ಲಿಯೂ ನೆಲೆಸಿರುವ ಸೂಕ್ಷ್ಮಜೀವಿಗಳು ವಿಷಕರವಾದ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇಂಥ ಜೀವಿಗಳನ್ನು 1890ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿ. ನೈಟ್ರೇಟ್ ಅಷ್ಟು ಘೋರವಾದ ವಿಷವಲ್ಲ. ಆದರೆ ಅದು ದಿನದಿನಕ್ಕೂ ಕೂಡುತ್ತ ಹೋಗುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದಲೇ ನೀರು ತಿಳಿಯಾಗಿದೆಯೆಂದು ನಂಬಿ ಕೂಡಬಾರದು.

ಮೀನು ದೊಡ್ಡದಾದಷ್ಟೂ ಈ ಲೆಕ್ಕ ಬಿಗಿಯಾಗುತ್ತದೆ. ಅಮೆಜಾನ್ ಸೀಮೆಯ ಆಸ್ಕರ್ ಮೀನು ಅಂಗಡಿಯಲ್ಲಿ ಬೆರಳುದ್ದವಿರುತ್ತದೆ. ಬೆಳೆದಾಗ ಒಂದು ಅಡಿ ಮುಟ್ಟುತ್ತದೆ. ಉದ್ದ ನಾಲ್ಕು ಪಟ್ಟಾದರೆ ಅಗಲವೂ ದಪ್ಪವೂ ಹಾಗೆಯೇ ಬೆಳೆದು, ತೂಕ ಅರವತ್ತು ಪಟ್ಟನ್ನು ದಾಟುತ್ತದೆ. ತಿನ್ನುವುದೂ ವಿಸರ್ಜಿಸುವುದೂ ಅದಕ್ಕೆ ತಕ್ಕಂತೆ ಹೆಚ್ಚುತ್ತವೆ.

ಈಗ ಲೆಕ್ಕ ನೋಡಿ. ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 500 ಲೀಟರು ನೀರು ಇರುತ್ತದೆ. ವಾರಕ್ಕೆ ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್ ಕೂಡುತ್ತದೆಯೆಂದು ಇಟ್ಟುಕೊಳ್ಳೋಣ. ವಾರಕ್ಕೊಮ್ಮೆ ಕಾಲುಭಾಗ, ಅಂದರೆ 125 ಲೀಟರು ಬದಲಾಯಿಸಿದರೆ ಅದು ಏರುತ್ತ ಏರುತ್ತ 80ರ ಬಳಿ ನಿಲ್ಲುತ್ತದೆ. ಅರ್ಧ ಬದಲಾಯಿಸಿದರೆ 40ನ್ನು ಮೀರುವುದಿಲ್ಲ. ಬದಲಾಯಿಸದೆ, ಆರಿದಷ್ಟಕ್ಕೆ ಮಾತ್ರ ನೀರು ಸುರಿದರೆ ಪ್ರಯೋಜನವಿಲ್ಲ. ಬತ್ತಿದ ಸಾರಿಗೆ ನೀರು ಬೆರೆಸಿದರೆ ಹಾಕಿದ ಉಪ್ಪು ಎಲ್ಲಿಗೂ ಹೋಗುವುದಿಲ್ಲವಷ್ಟೆ!

ಹಾಗಾದರೆ ಎಲ್ಲವನ್ನೂ ಒಮ್ಮೆಗೇ ಚೆಲ್ಲಿದರಾಗದೆ? ಆಗದು. ಬಹುಕಾಲ ಉಪೇಕ್ಷಿಸಿದ ತೊಟ್ಟಿಯ ನೀರು ಮೆಲ್ಲಮೆಲ್ಲನೆ ಆಮ್ಲೀಯವಾಗುತ್ತದೆ. ಅಂಥ ನೀರಿನಲ್ಲಿ ಅಮೋನಿಯ ಅಷ್ಟಾಗಿ ಬಾಧಿಸದ ರೂಪದಲ್ಲಿ ಅಡಗಿರುತ್ತದೆ. ಕ್ಷಾರೀಯವಾದ ಕೊಳವೆಬಾವಿಯ ನೀರನ್ನು ಒಮ್ಮೆಗೇ ಹೆಚ್ಚಾಗಿ ಹೊಯ್ದರೆ ಉಳಿದ ಅಮೋನಿಯ ಮತ್ತೆ ವಿಷವಾಗಿ ತಿರುಗುತ್ತದೆ. ಪೂರ್ತಿ ಬದಲಾಯಿಸಿದರೂ ನೀರಿನ ಗುಣ ಥಟ್ಟನೆ ಬದಲಾದುದನ್ನು ಮೀನಿನ ಮೈ ತಾಳಲಾರದು. ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಉಪಕಾರಿಗಳಾದ ಸೂಕ್ಷ್ಮಜೀವಿಗಳೂ ಕ್ಲೋರಿನ್ನಿಗೆ ಬಲಿಯಾಗುತ್ತವೆ. ಮೊದಲು ಹೇಳಿದ ಸಾವಿಗೆ ಇಂಥವೇ ಕಾರಣ. ಉಪೇಕ್ಷಿತ ತೊಟ್ಟಿಯಲ್ಲಿ ದಿನ ಬಿಟ್ಟು ದಿನ ಹತ್ತರಲ್ಲಿ ಒಂದು ಪಾಲಿನಂತೆ ಬದಲಾಯಿಸುತ್ತ ಬನ್ನಿ. ನೀರು ಸರಿಯಾದ ಮೇಲೆ ವಾರದ ಕ್ರಮಕ್ಕೆ ಬರಬಹುದು.

ಕೆಲಸದ ಕ್ರಮ ಹೀಗಿರಲಿ. ಹಿಂದಿನ ದಿನವೇ ಪೀಪಾಯಿಯಲ್ಲಿ ನೀರು ಹಿಡಿದು ಬಾಯಿ ತೆರೆದಿಡಿ. ಗಾಳಿಗುಳ್ಳೆ ಬಿಡುತ್ತಿದ್ದರೆ ಕ್ಲೋರಿನ್ ಬೇಗ ಹೋಗುತ್ತದೆ. ಕ್ಲೋರಮಿನ್ ಬೆರೆಸಿದ ನೀರಾದರೆ ಹೀಗೆ ಇಟ್ಟರೆ ಸಾಲದು. ಅದಕ್ಕೆಂದೇ ಅಂಗಡಿಯಲ್ಲಿ ದೊರೆಯುವ ಔಷಧವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಬೇಸಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ನೇರವಾಗಿ ನೀರು ಬಿಡಬೇಡಿ. ಹಳೆಯ ನೀರಿಗೂ ಹೊಸ ನೀರಿಗೂ ಒಂದೆರಡು ಡಿಗ್ರಿಗಿಂತ ಹೆಚ್ಚು ಅಂತರವಿರಬಾರದು. ವಿದ್ಯುತ್ ಸಂಪರ್ಕವನ್ನು ಮೊದಲು ತಪ್ಪಿಸಿ. ನೀರಿಳಿದಾಗ ಬಿಸಿಯಾದ ಹೀಟರು ಬಯಲಾದರೆ ಅದರ ಗಾಜು ಒಡೆಯಬಹುದು. ದೊಡ್ಡ ಮೀನನ್ನು ಹಿಡಿದು ಹೊರಗಿಡುವ ಗೋಜಿಗೆ ಹೋಗಬೇಡಿ. ಬೆದರಿದರೆ ಅದು ಹಾರಿ ನೆಲಕ್ಕೆ ಬೀಳಬಹುದು. ಮುಚ್ಚಳ ಅರ್ಧ ಮುಚ್ಚಿಯೇ ಇರಲಿ. ರಬ್ಬರು ಕೊಳವೆಯಿಂದ ತಳದ ಕಸದೊಡನೆ ನೀರನ್ನು ಇಳಿಸಿ, ಆ ನೀರಿನಲ್ಲೇ ಫಿಲ್ಟರಿನ ಸ್ಪಂಜನ್ನು ಹಿಂಡಿ. ಹೊಸ ನೀರನ್ನು ಮೆಲ್ಲಗೆ, ತಟ್ಟೆಯ ಮೇಲೆ ಬೀಳುವಂತೆ ಹೊಯ್ಯಿರಿ.

ನೀರು ದುರ್ಲಭವಾದ ಊರಿನಲ್ಲಿ ಇದೆಲ್ಲ ಹೇಗೆ ಸಾಧ್ಯವೆಂದು ನೀವು ಕೇಳಬಹುದು. 2024ರ ಬೇಸಗೆಯಲ್ಲಿ ಬೆಂಗಳೂರಿನವರು ಕೊಡ ನೀರಿಗೂ ಪರದಾಡಿದುದನ್ನು ಕಂಡಿದ್ದೇವೆ. ತೊಟ್ಟಿಯಿಂದ ತೆಗೆದ ನೀರು ಹಿತ್ತಲಿನ ಗಿಡಗಳಿಗೆ ಒಳ್ಳೆಯ ಗೊಬ್ಬರ, ಚರಂಡಿಗೆ ಬಿಡಬೇಕಾದುದಿಲ್ಲ. ಆದರೂ ವಾರಕ್ಕೆ 125 ಲೀಟರು ಒದಗಿಸಲು ಆಗುವಂತಿಲ್ಲವಾದರೆ ಆಹಾರವನ್ನು ಮಿತಗೊಳಿಸಿ, ಮೀನಿನ ಸಂಖ್ಯೆಯನ್ನು ಕಡಿಮೆ ಮಾಡಿ. ತೊಟ್ಟಿ ಎಷ್ಟು ದೊಡ್ಡದೆಂದು ನೋಡಿದರೆ ಸಾಲದು. ನಮ್ಮ ನಲ್ಲಿ ಎಷ್ಟು ಕೊಟ್ಟೀತೆಂದು ನೋಡಿ ಮೀನು ತರುವುದೇ ಜಾಣತನ.