ವಾದಕ್ಕೆ ಮೊದಲು ಜಾಮೀನು

ದೋಷವು ರುಜುವಾತಾಗುವವರೆಗೆ ಆಪಾದಿತನನ್ನು ನಿರ್ದೋಷಿಯೆಂದೇ ಭಾವಿಸತಕ್ಕದ್ದು. ನಮ್ಮ ನ್ಯಾಯಪದ್ಧತಿಯ ಈ ಮೊದಲ ಪಾಠವನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ನ್ಯಾಯಾಲಯದ ಮೆಟ್ಟಿಲೇರಿದ ಬಡವನಿಗೆ ಮೊದಲು ಎದುರಾಗುವ ಪ್ರಶ್ನೆ, “ನೀನು ಈ ಕೃತ್ಯವನ್ನು ಮಾಡಿದೆಯಾ?” ಎಂಬುದಲ್ಲ, “ನಿನಗೆ ಜಾಮೀನು ನಿಲ್ಲುವವರು ಯಾರು?” ಎಂಬುದು. ಸಾಕ್ಷ್ಯ, ಪಾಟೀಸವಾಲು, ವಾದ ಇವೆಲ್ಲ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅನಂತರದ ಮಾತು. ಅಲ್ಲಿಯವರೆಗೆ ಅವನು ಮನೆಯಲ್ಲಿರಬೇಕೋ ಸೆರೆಯಲ್ಲಿರಬೇಕೋ ಎಂಬುದನ್ನು ಅನೇಕ ವೇಳೆ ನಿರ್ಣಯಿಸುವುದು ಒಂದು ಪಹಣಿ, ಇಲ್ಲವೆ ಒಂದು ಮನೆಯ ಖಾತೆ.

ಕೋಲಾರದ ಚಿನ್ನದ ಗಣಿಗಳ ಮಗ್ಗುಲಲ್ಲಿರುವ ಆಂಡರ್ಸನ್‌ಪೇಟೆಯಂಥ ಊರಿನಲ್ಲಿ ಇದು ಸಣ್ಣ ತೊಡಕಲ್ಲ. ೧೮೮೦ರ ದಶಕದಿಂದ ಚಿತ್ತೂರು, ಉತ್ತರ ಆರ್ಕಾಟ್ ಸೀಮೆಗಳ ಕುಟುಂಬಗಳು ಗಣಿಯ ಕೂಲಿಗೆಂದು ಈ ಕಡೆಗೆ ಬಂದು ನೆಲೆಸಿದುವು. ಗಣಿಯವರು ಕಟ್ಟಿಸಿದ ಸಾಲುಮನೆಗಳಲ್ಲಿ ತಲೆಮಾರುಗಳನ್ನೇ ಕಳೆದವರ ಹೆಸರಿನಲ್ಲಿ ಹೊಲವೂ ಇಲ್ಲ, ಮನೆಯೂ ಇಲ್ಲ. ೨೦೦೧ರಲ್ಲಿ ಗಣಿಗಳು ಮುಚ್ಚಿದುವು. ಅಂದಿನಿಂದ ಎಷ್ಟೋ ಜನ ಬೆಳಕು ಹರಿಯುವ ಮೊದಲೇ ರೈಲು ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ದುಡಿಮೆಗೆ ಹೋಗಿಬರುತ್ತಾರೆ.

ಇಂಥ ಮನೆಯ ಯುವಕನೊಬ್ಬನನ್ನು ಯಾವುದೋ ಜಗಳದ ದೂರಿನ ಮೇಲೆ ಬಂಧಿಸಿದರೆಂದು ಭಾವಿಸೋಣ. ೨೪ ಗಂಟೆಗಳೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ, ಜಾಮೀನೂ ಮಂಜೂರಾಗುತ್ತದೆ. ಆದರೆ ಆಸ್ತಿಯುಳ್ಳ ಸ್ಥಳೀಯನೊಬ್ಬನು ಹೊಣೆ ನಿಲ್ಲಬೇಕು. ನೆರೆಯವರು ಅವನಂತೆಯೇ ಬರಿಗೈಯವರು. ಭೂಮಿಯುಳ್ಳ ಸೋದರಮಾವನಿರುವುದು ಗಡಿಯಾಚೆಯ ತಿರುಪತ್ತೂರಿನಲ್ಲಿ. ಜಾಮೀನು ದೊರೆಯಿತು, ಬಿಡುಗಡೆ ದೊರೆಯಲಿಲ್ಲ! ಇತ್ತ ಕೂಲಿ ತಪ್ಪುತ್ತದೆ, ಕೆಲಸ ಬೇರೊಬ್ಬರ ಪಾಲಾಗುತ್ತದೆ. ಸಾಕ್ಷಿಗಳನ್ನು ಹುಡುಕುವುದಕ್ಕಾಗಲಿ ವಕೀಲರೊಡನೆ ನೆಮ್ಮದಿಯಾಗಿ ಮಾತನಾಡುವುದಕ್ಕಾಗಲಿ ಸೆರೆಯಲ್ಲಿರುವವನಿಗೆ ಅವಕಾಶವೆಲ್ಲಿ? ಕೊನೆಗೆ, ಮಾಡದ ತಪ್ಪನ್ನೇ ಒಪ್ಪಿಕೊಂಡು ದಂಡ ತೆತ್ತು ಮನೆ ಸೇರುವುದು ಮೇಲೆಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ. ವಾದ ಹೂಡುವ ಮೊದಲೇ ಅವನು ಸೋತಿರುತ್ತಾನೆ.

ಸರ್ವೋಚ್ಚ ನ್ಯಾಯಾಲಯವು ಈ ಅನ್ಯಾಯವನ್ನು ೧೯೭೮ರಷ್ಟು ಹಿಂದೆಯೇ ಗುರುತಿಸಿತು. ಮೋತಿರಾಮ್ ಎಂಬ ಗಾರೆಯವನಿಗೆ ಆ ನ್ಯಾಯಾಲಯವೇ ಜಾಮೀನು ಕೊಟ್ಟಿದ್ದರೂ ಕೆಳಗಿನ ಮ್ಯಾಜಿಸ್ಟ್ರೇಟರು ೧೦,೦೦೦ ರೂಪಾಯಿಗಳ ಹೊಣೆ ಕೇಳಿದರು. ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಹೊಣೆಯನ್ನು ನಿರಾಕರಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನು ಖಂಡಿಸಿ, ೧,೦೦೦ ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡುವಂತೆ ಆಜ್ಞಾಪಿಸಿದರು. ದೂರದ ಊರಿನಲ್ಲಿ ಬಂಧಿತನಾದ ಕನ್ನಡಿಗನೋ ತಮಿಳನೋ ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತಂದಾನೆಂದು ಆ ತೀರ್ಪು ಕೇಳಿತು.

ಆದರೂ ೨೦೨೨ರ ಅಂತ್ಯದಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ೫,೭೩,೨೨೦ ಮಂದಿಯಲ್ಲಿ ೪,೩೪,೩೦೨ ಮಂದಿ ವಿಚಾರಣೆ ಮುಗಿಯದವರು; ಅಂದರೆ ನಾಲ್ವರಲ್ಲಿ ಮೂವರು! ಇವರೆಲ್ಲರೂ ಜಾಮೀನುದಾರರಿಲ್ಲದೆಯೇ ಉಳಿದವರಲ್ಲ, ನಿಜ. ಆದರೆ ಹಾಗೆ ಉಳಿದವರಿಗೆ ದಾರಿಗಳುಂಟು.

೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಜಾಮೀನೀಯ ಅಪರಾಧದಲ್ಲಿ ಒಂದು ವಾರದೊಳಗೆ ಹೊಣೆಗಾರನನ್ನು ತರಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಬೇರೆ ಅಪರಾಧಗಳಲ್ಲಿ, ಜಾಮೀನು ಮಂಜೂರಾಗಿ ತಿಂಗಳಾದರೂ ಹೊಣೆ ಸಲ್ಲದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತನ್ನು ಸಡಿಲಿಸುವ ವಿಚಾರ ಮಾಡಬಹುದೆಂದೂ, ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವೇ ಬಿಡುಗಡೆಗೆ ಅಡ್ಡಿಯಾಗಿದ್ದರೆ ಆ ಷರತ್ತನ್ನು ಬಿಡಬಹುದೆಂದೂ ಸರ್ವೋಚ್ಚ ನ್ಯಾಯಾಲಯವು ೨೦೨೩ರ ಜನವರಿಯಲ್ಲಿ ಸೂಚಿಸಿದೆ. ಬಂಧನದಲ್ಲಿರುವ ಯಾರಿಗೇ ಆಗಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವನ್ನು ಪಡೆಯುವ ಹಕ್ಕಿದೆ.

ಆದ್ದರಿಂದ ಸಂಕಟದಲ್ಲಿರುವ ಮನೆಯವರು ಸಾಲ ಮಾಡಿ ಹಣಕ್ಕೆ ಜಾಮೀನು ನಿಲ್ಲುವವರ ಬಾಗಿಲಿಗೆ ಹೋಗುವ ಮುನ್ನ ಪ್ರಾಧಿಕಾರದ ಕಚೇರಿಗೆ ಹೋಗಿ ಈ ನಿಯಮಗಳನ್ನು ಹೆಸರು ಹಿಡಿದು ಕೇಳಲಿ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗನಿಗೋ ಕಾವಲುಗಾರನ ತಮ್ಮನಿಗೋ ಇಂಥ ದಿನ ಬಂದಾಗ, ಅವರಿಗೆ ಇಷ್ಟನ್ನು ತಿಳಿಸಿಕೊಡುವುದು ಓದುಬರಹ ಬಲ್ಲ ನಮ್ಮ ಕೈಯಿಂದಾಗುವ ಕೆಲಸ.